ಶೇಕಡಾ ನೂರು ಎಂದರೆ ಮುಗಿಯಿತೇ?

ದೂರದ ಕಂಪ್ಯೂಟರಿನಲ್ಲಿರುವ ಫೈಲೊಂದನ್ನು ಇಳಿಸಿಕೊಳ್ಳುವಾಗ ಪರದೆಯ ಮೇಲೆ ಉದ್ದನೆಯ ಪಟ್ಟಿಯೊಂದು ಕಾಣಿಸಿಕೊಳ್ಳುತ್ತದೆ. ಎಡದಿಂದ ಬಲಕ್ಕೆ ಅದರಲ್ಲಿ ಬಣ್ಣ ತುಂಬುತ್ತಾ ಹೋಗುತ್ತದೆ. ಪಕ್ಕದಲ್ಲಿ ಶೇಕಡಾ 12, ಶೇಕಡಾ 37 ಎಂದು ಅಂಕಿಗಳು ಏರುತ್ತವೆ. ಮೊಬೈಲ್ ಇರುವ ಮನೆಯಲ್ಲಿ ಇದನ್ನು ನೋಡದವರು ಇರಲಾರರು. ಆದರೆ ಆ ಅಂಕಿ ಬರುವುದೆಲ್ಲಿಂದ? ಫೈಲು ತರುವ ಕೆಲಸ ಪ್ರೋಗ್ರಾಮಿನ ಒಂದು ಭಾಗದ್ದು, ಪಟ್ಟಿ ಬರೆಯುವ ಕೆಲಸ ಇನ್ನೊಂದು ಭಾಗದ್ದು. ಇವೆರಡರ ನಡುವೆ ಸುದ್ದಿ ಮುಟ್ಟಿಸುವವರು ಯಾರು?

ಪ್ರಶ್ನೆ ಚಿಕ್ಕದು. ಆದರೆ ಅದರ ಉತ್ತರದಲ್ಲಿ, ಪ್ರೋಗ್ರಾಂ ಬರೆಯಲು ಕಲಿಯುತ್ತಿರುವವರು ಸಾಮಾನ್ಯವಾಗಿ ಎಡವುವ ಒಂದು ಜಾಣ ಉಪಾಯ ಅಡಗಿದೆ. ಅದಕ್ಕೆ ಕಾಲ್‌ಬ್ಯಾಕ್ ಎಂದು ಹೆಸರು. ಕನ್ನಡದಲ್ಲಿ ‘ಮರುಕರೆ’ ಎನ್ನಬಹುದು.

ಮೊದಲು ತೊಡಕು ಏನೆಂದು ನೋಡೋಣ. ಇಂಟರ್‌ನೆಟ್ಟಿನಿಂದ ಫೈಲು ತರುವುದು ಸುಲಭದ ಕೆಲಸವಲ್ಲ. ಆ ಕಡೆಯ ಕಂಪ್ಯೂಟರಿನ ವಿಳಾಸ ಹುಡುಕಬೇಕು, ಸಂಪರ್ಕ ಬೆಳೆಸಬೇಕು, ಬಂದ ಬೈಟ್‌ಗಳನ್ನು ಕ್ರಮ ತಪ್ಪದಂತೆ ಡಿಸ್ಕಿಗೆ ಬರೆಯಬೇಕು. ಪ್ರತಿಯೊಬ್ಬ ಪ್ರೋಗ್ರಾಮರನೂ ಇದನ್ನೆಲ್ಲ ಹೊಸದಾಗಿ ಬರೆಯುತ್ತ ಕುಳಿತರೆ ಆಯುಷ್ಯ ಸಾಲದು. ಅದಕ್ಕಾಗಿ ತಿಳಿದವರು ಒಮ್ಮೆ ಬರೆದಿಟ್ಟ ಸಿದ್ಧ ಫಂಕ್ಷನ್‌ಗಳ ಸಂಗ್ರಹಗಳಿವೆ. ಇವೇ ಲೈಬ್ರರಿಗಳು. ‘ಈ ವಿಳಾಸದ ಫೈಲನ್ನು ತಂದು ಇಲ್ಲಿ ಇಡು’ ಎಂದು ಲೈಬ್ರರಿಯ ಫಂಕ್ಷನ್ನಿಗೆ ಒಂದು ಸಾಲಿನಲ್ಲಿ ಹೇಳಿದರೆ ಅದು ತಂದಿಡುತ್ತದೆ.

ತೊಡಕು ಇರುವುದೇ ಆ ಒಂದು ಸಾಲಿನಲ್ಲಿ. ಫಂಕ್ಷನ್ ಕೆಲಸ ಮುಗಿಸಿ ಹಿಂದಿರುಗುವವರೆಗೆ ಅದನ್ನು ಕರೆದ ಪ್ರೋಗ್ರಾಂ ಅದೇ ಸಾಲಿನಲ್ಲಿ ನಿಂತಿರುತ್ತದೆ. ಕೆಲಸ ಹತ್ತು ನಿಮಿಷ ಹಿಡಿದರೆ ಹತ್ತು ನಿಮಿಷವೂ ಸುಮ್ಮನೆ ನಿಂತಿರಬೇಕು. ‘ಎಷ್ಟಾಯಿತು?’ ಎಂದು ಕೇಳುವುದಕ್ಕೂ ಅದಕ್ಕೆ ಅವಕಾಶವಿಲ್ಲ. ಕೇಳುವ ಸಾಲು ಬರುವುದು ಇದರ ನಂತರ. ಅಷ್ಟರಲ್ಲಿ ಕೆಲಸವೇ ಮುಗಿದಿರುತ್ತದೆ.

ಕಣದಲ್ಲಿ ಭತ್ತ ಅಳೆಯುವುದನ್ನು ನೋಡಿದವರಿಗೆ ಇದರ ಪರಿಹಾರ ಥಟ್ಟನೆ ಹೊಳೆದೀತು. ಅಳೆಯುವವನು ರಾಶಿಗೆ ಬಗ್ಗಿ ಕೊಳಗ ತುಂಬಿ ಚೀಲಕ್ಕೆ ಸುರಿಯುತ್ತಾನೆ. ಮೊದಲ ಕೊಳಗಕ್ಕೆ ಒಂದು ಎನ್ನದೆ ‘ಲಾಭ’ ಎನ್ನುತ್ತಾನೆ. ಬಳಿಕ ಎರಡು, ಮೂರು ಎಂದು ಗಟ್ಟಿಯಾಗಿ ಕೂಗುತ್ತ ಹೋಗುತ್ತಾನೆ. ಪಕ್ಕದಲ್ಲಿ ಕುಳಿತವರು ಅವನನ್ನು ತಡೆದು ಕೇಳುವುದಿಲ್ಲ. ಪ್ರತಿ ಕೂಗಿಗೆ ಒಂದು ಗೆರೆ ಎಳೆಯುತ್ತಾರೆ, ಇಲ್ಲವೇ ಒಂದು ಕಲ್ಲು ಇಡುತ್ತಾರೆ. ಗೆರೆಯೋ ಕಲ್ಲೋ ಅಳೆಯುವವನಿಗೆ ಬೇಕಿಲ್ಲ. ಕೊಳಗ ತುಂಬಿದಾಗ ಕೂಗುವುದಷ್ಟೇ ಅವನ ಪಾಲಿನ ಕೆಲಸ.

ಲೈಬ್ರರಿ ಮಾಡುವುದೂ ಇದನ್ನೇ. ಫೈಲು ತರಲು ಹೇಳುವಾಗ ಪ್ರೋಗ್ರಾಮರು ತಾನೇ ಬರೆದ ಇನ್ನೊಂದು ಚಿಕ್ಕ ಫಂಕ್ಷನ್ನಿನ ಹೆಸರನ್ನೂ ಅದರ ಕೈಗೆ ಕೊಡುತ್ತಾನೆ. ‘ಒಂದಿಷ್ಟು ಬಂದಾಗಲೆಲ್ಲ ಇದನ್ನು ಕರೆ’ ಎಂಬುದು ಒಪ್ಪಂದ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪ್ರೋಗ್ರಾಮರು ತನ್ನ ಫಂಕ್ಷನ್ನನ್ನು ಕರೆಯುತ್ತಿಲ್ಲ, ಅದರ ಹೆಸರನ್ನು ಮಾತ್ರ ಒಪ್ಪಿಸುತ್ತಿದ್ದಾನೆ. ಅಂಗಡಿಯವನ ಹತ್ತಿರ ಫೋನ್ ನಂಬರ್ ಬರೆಸಿ ‘ಸಾಮಾನು ಬಂದಾಗ ಫೋನ್ ಮಾಡಿ’ ಎಂದು ಹೇಳಿ ಬರುವುದಕ್ಕೂ, ಅಲ್ಲಿಯೇ ನಿಂತು ಫೋನ್ ಮಾಡುವುದಕ್ಕೂ ಇರುವ ವ್ಯತ್ಯಾಸವೇ ಇದು. ಪೈಥಾನ್ ಭಾಷೆಯಲ್ಲಿ ಹೆಸರಿನ ಮುಂದೆ ಆವರಣ ಚಿಹ್ನೆ ಹಾಕಿದರೆ ಫಂಕ್ಷನ್ ಆಗಲೇ ನಡೆದುಹೋಗುತ್ತದೆ. ಹಾಕದೆ ಬಿಟ್ಟರೆ ಹೆಸರು ಮಾತ್ರ ದಾಟುತ್ತದೆ. ಹೊಸಬರು ಅಭ್ಯಾಸಬಲದಿಂದ ಆವರಣ ಹಾಕಿಬಿಟ್ಟು, ಮರುಕರೆ ಏಕೆ ಬರುತ್ತಿಲ್ಲವೆಂದು ತಲೆ ಕೆರೆದುಕೊಳ್ಳುತ್ತಾರೆ.

ಪೈಥಾನ್ ಹೆಸರು ಬಂದದ್ದರಿಂದ ಅದರದೇ ಉದಾಹರಣೆಯನ್ನು ನೋಡಬಹುದು. ಸಿಬಿಎಸ್‌ಇ ಶಾಲೆಗಳ 11 ಮತ್ತು 12ನೆಯ ತರಗತಿಗಳ ಕಂಪ್ಯೂಟರ್ ವಿಜ್ಞಾನದಲ್ಲಿ ಈ ಭಾಷೆ ಇರುವುದರಿಂದ ಹಲವು ವಿದ್ಯಾರ್ಥಿಗಳಿಗೆ ಇದರ ಪರಿಚಯವಿದೆ. ಪೈಥಾನಿನೊಂದಿಗೇ ಬರುವ ‘ಯುಆರ್‌ಎಲ್‌ಲಿಬ್’ ಎಂಬ ಲೈಬ್ರರಿಯಲ್ಲಿ ‘ಯುಆರ್‌ಎಲ್‌ರಿಟ್ರೀವ್’ ಎಂಬ ಫಂಕ್ಷನ್ ಇದೆ. ಹಳೆಯ ಫಂಕ್ಷನ್; ಮುಂದೊಂದು ದಿನ ಕೈಬಿಡಬಹುದೆಂದು ಪೈಥಾನಿನ ಕೈಪಿಡಿಯೇ ಎಚ್ಚರಿಸುತ್ತದೆ. ಆದರೂ ವಿಷಯವನ್ನು ಅರ್ಥಮಾಡಿಕೊಳ್ಳಲು ಇದರಷ್ಟು ಸರಳವಾದದ್ದು ಬೇರೆ ಸಿಗುವುದು ಕಷ್ಟ. ಇದು ಮರುಕರೆ ಮಾಡುವಾಗ ಮೂರು ಸಂಖ್ಯೆಗಳನ್ನು ಹೇಳುತ್ತದೆ. ಈವರೆಗೆ ಬಂದ ತುಂಡುಗಳೆಷ್ಟು, ಒಂದು ತುಂಡಿನ ಗಾತ್ರವೆಷ್ಟು, ಫೈಲಿನ ಒಟ್ಟು ಗಾತ್ರವೆಷ್ಟು. ತುಂಡು ಎಂದರೆ ಇಲ್ಲಿನ ಕೊಳಗ. ಅದರ ಅಳತೆ 8192 ಬೈಟ್. ಸಂಪರ್ಕ ಸಿಕ್ಕ ಕೂಡಲೇ ಒಂದು ಮರುಕರೆ ಬರುತ್ತದೆ. ಆಗ ತುಂಡುಗಳ ಎಣಿಕೆ ಸೊನ್ನೆ. ಆಮೇಲೆ ಪ್ರತಿ ತುಂಡಿಗೂ ಒಂದೊಂದು.

ಹಾಗಾದರೆ ಶೇಕಡಾವಾರು ಲೆಕ್ಕ ಸುಲಭವಾಯಿತಲ್ಲ! ತುಂಡುಗಳ ಎಣಿಕೆಯನ್ನು ತುಂಡಿನ ಗಾತ್ರದಿಂದ ಗುಣಿಸಿ, ಒಟ್ಟು ಗಾತ್ರದಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಆಯಿತು. ಏಳನೆಯ ತರಗತಿಯ ಗಣಿತ. ಸರಿ, ಲೆಕ್ಕ ಹಾಕಿಯೇ ನೋಡಿ. ಫೈಲು 1,00,000 ಬೈಟ್ ಇದೆ ಎನ್ನಿ. ಹನ್ನೆರಡು ತುಂಡು ಬಂದಾಗ 98,304 ಬೈಟ್, ಅಂದರೆ ಶೇಕಡಾ 98.3. ಉಳಿದದ್ದು 1,696 ಬೈಟ್ ಮಾತ್ರ. ಅದು ಹದಿಮೂರನೆಯ ತುಂಡಾಗಿ ಬರುತ್ತದೆ. ಆದರೆ ಮರುಕರೆಯಲ್ಲಿ ಹೇಳುವುದು ‘ಹದಿಮೂರು ತುಂಡು, ಒಂದೊಂದು 8192’ ಎಂದು. ಗುಣಿಸಿದರೆ 1,06,496. ಪರದೆಯ ಮೇಲೆ ಶೇಕಡಾ 106.5! ಕೊನೆಯ ಕೊಳಗ ಕಾಲು ಭಾಗವೂ ತುಂಬದಿದ್ದರೂ ಎಣಿಕೆಯಲ್ಲಿ ಅದು ಪೂರ್ತಿ ಕೊಳಗವೇ. ಲೈಬ್ರರಿಯಲ್ಲಿ ತಪ್ಪಿಲ್ಲ. ಅದು ಬೈಟ್ ಎಣಿಸುತ್ತೇನೆಂದು ಹೇಳಿಯೇ ಇರಲಿಲ್ಲ, ಕೊಳಗ ಎಣಿಸುತ್ತೇನೆಂದಿತ್ತು. ಗುಣಿಸಿ ಬಂದದ್ದು ಒಟ್ಟು ಗಾತ್ರಕ್ಕಿಂತ ಹೆಚ್ಚಾದರೆ ಒಟ್ಟು ಗಾತ್ರವನ್ನೇ ಇಟ್ಟುಕೊಳ್ಳಬೇಕು ಎಂಬ ಒಂದು ಸಾಲು ಸೇರಿಸಿದರೆ ಪಟ್ಟಿ ಹಾದಿಗೆ ಬರುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಒಟ್ಟು ಗಾತ್ರವೇ ಗೊತ್ತಿಲ್ಲದಿದ್ದರೆ? ಇದು ಅಪರೂಪವೇನಲ್ಲ. ಆ ಕಡೆಯ ಕಂಪ್ಯೂಟರು ಸಾಮಾನ್ಯವಾಗಿ ಫೈಲಿಗಿಂತ ಮೊದಲು ಅದರ ಉದ್ದವನ್ನು ತಿಳಿಸುತ್ತದೆ. ಆದರೆ ಕೇಳಿದ ಮೇಲೆ ಆಗಿಂದಾಗ್ಗೆ ಸಿದ್ಧಪಡಿಸಿ ಕಳುಹಿಸುವ ಮಾಹಿತಿಯಾದರೆ ಅದರ ಉದ್ದ ಕಳುಹಿಸುವವನಿಗೇ ಮೊದಲು ತಿಳಿದಿರುವುದಿಲ್ಲ. ರಾಶಿ ಇನ್ನೂ ತೂರುತ್ತಿರುವಾಗಲೇ ಅಳೆಯಲು ಕುಳಿತಂತೆ ಇದು. ಇಂಥ ಸಂದರ್ಭದಲ್ಲಿ ಪೈಥಾನಿನ ಫಂಕ್ಷನ್ ಒಟ್ಟು ಗಾತ್ರದ ಜಾಗದಲ್ಲಿ -1 ಎಂದು ಹೇಳುತ್ತದೆ. ಗೊತ್ತಿಲ್ಲ ಎನ್ನುವುದಕ್ಕೆ ಅದೊಂದು ಸಂಕೇತ. ಸಂಕೇತವೆಂದು ತಿಳಿಯದೆ ಅದರಿಂದಲೇ ಭಾಗಿಸಿದರೆ, ಐದು ತುಂಡು ಬಂದ ಹೊತ್ತಿಗೆ ಪರದೆ ‘ಶೇಕಡಾ -40,96,000’ ಎಂದು ತೋರಿಸುತ್ತದೆ.

ಸಿ ಭಾಷೆಯಲ್ಲಿ ಬರೆಯುವವರು ಹೆಚ್ಚಾಗಿ ಬಳಸುವ ‘ಲಿಬ್‌ಕರ್ಲ್’ ಎಂಬ ಲೈಬ್ರರಿಯ ಕ್ರಮ ಬೇರೆ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಎಂಬ ಪ್ರೋಗ್ರಾಮರು 1998ರಲ್ಲಿ ‘ಕರ್ಲ್’ ಎಂಬ ಹೆಸರಿನಲ್ಲಿ ಫೈಲು ಸಾಗಿಸುವ ಉಪಕರಣವೊಂದನ್ನು ಹೊರತಂದರು. 2000ದಲ್ಲಿ ಅದರ ಲೈಬ್ರರಿ ರೂಪ ಬಂತು. ಇದರ ಮರುಕರೆಯಲ್ಲಿ ನಾಲ್ಕು ಸಂಖ್ಯೆಗಳು: ಇಳಿಯಬೇಕಾದ ಒಟ್ಟು ಬೈಟ್, ಈವರೆಗೆ ಇಳಿದದ್ದು, ಏರಿಸಬೇಕಾದ ಒಟ್ಟು ಬೈಟ್, ಈವರೆಗೆ ಏರಿದ್ದು. ಕೊಳಗದ ಲೆಕ್ಕವಿಲ್ಲ, ನೇರವಾಗಿ ಬೈಟ್ ಲೆಕ್ಕ. ಆದ್ದರಿಂದ ಶೇಕಡಾ 106ರ ಪೇಚು ಇಲ್ಲಿಲ್ಲ. ಆದರೆ ಒಟ್ಟು ಗೊತ್ತಿಲ್ಲದಿದ್ದರೆ ಇದು -1 ಎನ್ನುವುದಿಲ್ಲ, ಸೊನ್ನೆ ಎನ್ನುತ್ತದೆ. ಸೊನ್ನೆಯಿಂದ ಭಾಗಿಸಬಾರದೆಂದು ಶಾಲೆಯಲ್ಲಿ ಹೇಳಿದ್ದು ಇಲ್ಲಿ ನೆನಪಾಗಬೇಕು. ಸಿ ಭಾಷೆಯಲ್ಲಿ ಪೂರ್ಣಾಂಕವೊಂದನ್ನು ಸೊನ್ನೆಯಿಂದ ಭಾಗಿಸಹೋದರೆ ಸಾಮಾನ್ಯವಾಗಿ ಪ್ರೋಗ್ರಾಮೇ ಅರ್ಧದಲ್ಲಿ ಕುಸಿದು ಬೀಳುತ್ತದೆ.

ಒಟ್ಟು ಗೊತ್ತಿಲ್ಲದಾಗ ಮಾಡಬೇಕಾದ್ದೇನು? ಗೊತ್ತಿರುವುದನ್ನು ಹೇಳುವುದು, ಅಷ್ಟೇ. ‘ಈವರೆಗೆ 14 ಮೆಗಾಬೈಟ್ ಬಂದಿದೆ’ ಎಂದು ತೋರಿಸಿದರೆ ಸಾಕು. ಕೆಲವರು ಪಟ್ಟಿ ಇಲ್ಲದಿದ್ದರೆ ಚೆಂದ ಕಾಣುವುದಿಲ್ಲವೆಂದು ಗಡಿಯಾರ ನೋಡಿಕೊಂಡು ಪಟ್ಟಿಯನ್ನು ಮೆಲ್ಲಗೆ ಬೆಳೆಸುತ್ತ ಹೋಗಿ, ಶೇಕಡಾ 99ಕ್ಕೆ ತಂದು ನಿಲ್ಲಿಸಿ, ಫೈಲು ಬಂದ ಮೇಲೆ ನೂರು ಮಾಡುತ್ತಾರೆ. ಇದು ಜಾಣತನವಲ್ಲ, ಸುಳ್ಳು. ‘ಇನ್ನೇನು ಬಂದೇಬಿಟ್ಟಿತು’ ಎಂದು ನಂಬಿ ಕಾಯುವವನ ಹೊತ್ತಿಗೂ ಬೆಲೆಯಿದೆ.

ಪಟ್ಟಿಯ ಪ್ರಯೋಜನದ ಬಗ್ಗೆ ಅಧ್ಯಯನಗಳೂ ಆಗಿವೆ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿದ್ದ ಬ್ರಾಡ್ ಮೈಯರ್ಸ್ 1985ರಲ್ಲಿ ಇದೇ ವಿಷಯದ ಮೇಲೆ ಪ್ರಬಂಧವೊಂದನ್ನು ಮಂಡಿಸಿ, ಎಷ್ಟು ಕೆಲಸ ಆಗಿದೆಯೆಂದು ತೋರಿಸುವ ಪ್ರೋಗ್ರಾಂಗಳು ಬಳಕೆದಾರರಿಗೆ ಹೆಚ್ಚು ಮೆಚ್ಚುಗೆಯಾಗುತ್ತವೆಂದು ಪ್ರಯೋಗಗಳ ಮೂಲಕ ತೋರಿಸಿದರು. ಅದರಲ್ಲಿ ಆಶ್ಚರ್ಯವೇನಿಲ್ಲ. ಬಸ್ಸು ಎಲ್ಲಿದೆ ಎಂದು ತಿಳಿದಿದ್ದರೆ ನಿಲ್ದಾಣದಲ್ಲಿ ಕಾಯುವುದು ಅಷ್ಟೊಂದು ಬೇಸರವಾಗದು.

ಮರುಕರೆ ಎಷ್ಟು ಸಲ ಬರುತ್ತದೆ ಎಂಬುದನ್ನೂ ಯೋಚಿಸಬೇಕು. ಒಂದು ಗಿಗಾಬೈಟಿನ, ಎಂದರೆ 2ರ 30ನೆಯ ಘಾತದಷ್ಟು ಬೈಟ್‌ಗಳ ಫೈಲನ್ನು 8192ರ, ಎಂದರೆ 2ರ 13ನೆಯ ಘಾತದ ತುಂಡುಗಳಾಗಿ ತಂದರೆ ತುಂಡುಗಳೆಷ್ಟು? ಘಾತಗಳನ್ನು ಕಳೆದರೆ 2ರ 17ನೆಯ ಘಾತ, 1,31,072. ಆರಂಭದ ಒಂದನ್ನೂ ಸೇರಿಸಿದರೆ 1,31,073 ಮರುಕರೆಗಳು. ಪ್ರತಿ ಸಲವೂ ಪರದೆಯ ಮೇಲೆ ಪಟ್ಟಿಯನ್ನು ಅಳಿಸಿ ಬರೆದರೆ ಗತಿಯೇನು? ಮರುಕರೆಯ ಫಂಕ್ಷನ್ ನಡೆಯುವಷ್ಟು ಹೊತ್ತು ಲೈಬ್ರರಿ ಮುಂದಿನ ತುಂಡಿಗೆ ಕೈ ಹಾಕುವುದಿಲ್ಲ. ಗೆರೆ ಎಳೆಯುವವನು ಪ್ರತಿ ಗೆರೆಗೂ ರಂಗೋಲಿ ಬಿಡಿಸುತ್ತ ಕುಳಿತರೆ ಅಳೆಯುವವನು ಕೊಳಗ ಹಿಡಿದು ನಿಂತಿರಬೇಕಾಗುತ್ತದೆ. ಶೇಕಡಾವಾರು ಪೂರ್ಣಾಂಕ ಬದಲಾಗುವುದು ನೂರೇ ಸಲ. ಹಿಂದಿನ ಸಲ ತೋರಿಸಿದ್ದೆಷ್ಟು ಎಂದು ನೆನಪಿಟ್ಟುಕೊಂಡು, ಬದಲಾಗಿದ್ದರೆ ಮಾತ್ರ ಪರದೆಯನ್ನು ಮುಟ್ಟಿದರೆ ಮಿಕ್ಕ ಲಕ್ಷಕ್ಕೂ ಹೆಚ್ಚು ಸಲದ ಶ್ರಮ ಉಳಿಯಿತು.

ಕಣದಲ್ಲಿ ಕಾಳು ಬರುವುದೇ ನಿಂತರೆ ಅಳೆಯುವವನು ಕೂಗುವುದನ್ನೂ ನಿಲ್ಲಿಸುತ್ತಾನೆ. ಪೈಥಾನಿನ ಆ ಫಂಕ್ಷನ್ನೂ ಹಾಗೆಯೇ. ನೆಟ್‌ವರ್ಕ್ ಮಧ್ಯದಲ್ಲಿ ಸ್ತಬ್ಧವಾದರೆ ಮುಂದಿನ ತುಂಡು ಬರುವವರೆಗೆ ಮರುಕರೆಯಿಲ್ಲ. ಪಟ್ಟಿ ಶೇಕಡಾ 63ರಲ್ಲಿ ನಿಂತಿದ್ದರೆ, ಸಂಪರ್ಕ ನಿಧಾನವಾಗಿದೆಯೋ ಸತ್ತೇಹೋಗಿದೆಯೋ ತಿಳಿಯುವಂತಿಲ್ಲ. ಲಿಬ್‌ಕರ್ಲ್ ಇಲ್ಲಿ ಹೆಚ್ಚು ಮುತುವರ್ಜಿಯದು. ಬೈಟ್ ಬರಲಿ ಬಾರದಿರಲಿ, ಸುಮಾರು ಸೆಕೆಂಡಿಗೊಮ್ಮೆಯಾದರೂ ಮರುಕರೆ ಮಾಡುತ್ತದೆ. ಅಷ್ಟೇ ಅಲ್ಲ, ಮರುಕರೆಗೆ ಉತ್ತರವನ್ನೂ ಕೇಳುತ್ತದೆ. ಫಂಕ್ಷನ್ ಸೊನ್ನೆ ಹಿಂದಿರುಗಿಸಿದರೆ ‘ಮುಂದುವರಿಸು’ ಎಂದರ್ಥ. ಬೇರೆ ಸಂಖ್ಯೆಗಳನ್ನು ಹಿಂದಿರುಗಿಸಿದರೆ ಸಾಗಣೆಯನ್ನು ಅಲ್ಲಿಗೇ ನಿಲ್ಲಿಸಿ, ‘ಮರುಕರೆಯ ಮಾತಿನಂತೆ ನಿಲ್ಲಿಸಲಾಯಿತು’ ಎಂಬರ್ಥದ 42ನೆಯ ಸಂಕೇತದೊಡನೆ ಹೊರಬರುತ್ತದೆ. ಪರದೆಯ ಮೇಲಿನ ‘ರದ್ದು’ ಗುಂಡಿಯನ್ನು ಕೆಲಸ ಮಾಡಿಸಲು ಇದೊಂದು ಸಲೀಸಾದ ದಾರಿ. ಸುದ್ದಿ ಹೇಳಲು ಹೊರಟದ್ದು ಅಪ್ಪಣೆ ಕೇಳುವುದಕ್ಕೂ ಒದಗಿತು.

ಇದೇ ಲೈಬ್ರರಿಯಲ್ಲಿ ಒಂದು ತಮಾಷೆಯೂ ಇದೆ. ಮರುಕರೆ ಎಷ್ಟು ಚೆನ್ನಾಗಿ ಬರೆದುಕೊಟ್ಟರೂ ಮೊದಲಿಗೆ ಅದು ಕರೆಯುವುದೇ ಇಲ್ಲ. ‘ಪ್ರಗತಿ ಬೇಡ’ ಎಂಬ ಆಯ್ಕೆಯೊಂದು ಆರಂಭದಿಂದಲೇ 1 ಆಗಿರುತ್ತದೆ. ಅದನ್ನು ಸೊನ್ನೆ ಮಾಡಬೇಕು. ಎಂದರೆ ‘ಬೇಡ’ ಎಂಬುದನ್ನು ಬೇಡವೆನ್ನಬೇಕು! ಹೊಸಬರ ಎಷ್ಟೋ ಸಂಜೆಗಳನ್ನು ಈ ಒಂದು ಸಾಲು ನುಂಗಿದೆ.

ಇನ್ನು ‘ಎಷ್ಟು ಹೊತ್ತಿನಲ್ಲಿ ಮುಗಿಯುತ್ತದೆ’ ಎಂಬ ಪ್ರಶ್ನೆ. ಇದು ಲೈಬ್ರರಿ ಕೊಡುವ ಅಂಕಿಯಲ್ಲ, ಪ್ರೋಗ್ರಾಮರು ಊಹಿಸಿ ಕೊಡುವುದು. 300 ಮೆಗಾಬೈಟಿನಲ್ಲಿ 120 ಮೆಗಾಬೈಟ್ 40 ಸೆಕೆಂಡಿನಲ್ಲಿ ಬಂದಿದ್ದರೆ ವೇಗ ಸೆಕೆಂಡಿಗೆ 3 ಮೆಗಾಬೈಟ್. ಉಳಿದ 180ಕ್ಕೆ ಒಂದು ನಿಮಿಷ ಬೇಕು. ಆದರೆ ಈಗಷ್ಟೇ ವೇಗ ಸೆಕೆಂಡಿಗೆ 1 ಮೆಗಾಬೈಟಿಗೆ ಇಳಿದಿದ್ದರೆ ಮೂರು ನಿಮಿಷ. ಎರಡೂ ಲೆಕ್ಕ ಸರಿಯೇ. ಕರ್ಲ್ ಉಪಕರಣ ತೋರಿಸುವ ‘ಈಗಿನ ವೇಗ’ ಕೊನೆಯ 5 ಸೆಕೆಂಡುಗಳ ಸರಾಸರಿ. ಪೂರ್ತಿ ಅವಧಿಯ ಸರಾಸರಿಯನ್ನು ಅದು ಬೇರೆಯಾಗಿ ತೋರಿಸುತ್ತದೆ. ಪೋಷಕರಿಗೆ ಸಂಬಂಧಿಸಿದ ಒಂದು ಮಾತನ್ನೂ ಇಲ್ಲಿಯೇ ಹೇಳಿಬಿಡಬಹುದು. ಇಂಟರ್‌ನೆಟ್ ಕಂಪನಿಗಳು ವೇಗ ಹೇಳುವುದು ಬಿಟ್‌ಗಳಲ್ಲಿ, ಇಳಿಸುವ ಪ್ರೋಗ್ರಾಂಗಳು ಸಾಮಾನ್ಯವಾಗಿ ತೋರಿಸುವುದು ಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಸೆಕೆಂಡಿಗೆ 40 ಮೆಗಾಬಿಟ್ ಎಂದು ಹಣ ಕಟ್ಟಿದವರಿಗೆ ಪರದೆಯಲ್ಲಿ ಹೆಚ್ಚೆಂದರೆ 5 ಮೆಗಾಬೈಟ್ ಕಂಡೀತು. ಅದು ಮೋಸವಲ್ಲ.

ಇದುವರೆಗೆ ಹೇಳಿದ್ದು ಬಹುಮಟ್ಟಿಗೆ ಇಳಿಸುವ ಮಾತು. ಫೈಲು ಪೂರ್ತಿ ಬಂದಿದೆಯೇ ಎಂದು ಇಲ್ಲಿಯೇ ನೋಡಬಹುದು. ಹೇಳಿದ ಗಾತ್ರಕ್ಕಿಂತ ಕಡಿಮೆ ಬಂದು ಸಂಪರ್ಕ ಕಡಿದರೆ ಪೈಥಾನಿನ ಫಂಕ್ಷನ್ ತಾನಾಗಿಯೇ ದೋಷ ಸೂಚಿಸುತ್ತದೆ. ಏರಿಸುವಾಗ ಸಂಗತಿ ಬೇರೆ. ಮನೆಗಳಲ್ಲಿ ನಿದ್ದೆಗೆಡಿಸುವುದು ಇದೇ. ಪ್ರವೇಶ ಪರೀಕ್ಷೆಗೋ ವಿದ್ಯಾರ್ಥಿವೇತನಕ್ಕೋ ಅರ್ಜಿ ತುಂಬಿ, ಕೊನೆಯ ದಿನ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಭಾವಚಿತ್ರಗಳನ್ನು ಏರಿಸಲು ಕುಳಿತಾಗ ಪಟ್ಟಿ ಸರಸರನೆ ನೂರಕ್ಕೆ ಹೋಗುತ್ತದೆ. ‘ಆಯ್ತು ಬಿಡಪ್ಪ’ ಎಂದು ತಂದೆ ಎದ್ದು ಹೋಗುತ್ತಾರೆ. ಮಗ ಕಿಟಕಿ ಮುಚ್ಚುತ್ತಾನೆ. ಆಗಿದೆಯೇ?

ಏರಿಸುವಾಗಿನ ‘ಈವರೆಗೆ ಏರಿದ್ದು’ ಎಂಬ ಸಂಖ್ಯೆಯ ಅರ್ಥವನ್ನು ಬಿಡಿಸಿ ನೋಡಬೇಕು. ಲೈಬ್ರರಿಗೆ ಆ ಕಡೆಯ ಕಂಪ್ಯೂಟರ್ ಕಾಣುವುದಿಲ್ಲ. ತನ್ನ ಕಂಪ್ಯೂಟರಿನ ಕಾರ್ಯನಿರ್ವಹಣಾ ವ್ಯವಸ್ಥೆಯ ಕೈಗೆ ಎಷ್ಟು ಬೈಟ್ ಒಪ್ಪಿಸಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ವ್ಯವಸ್ಥೆ ಅದನ್ನು ತನ್ನ ಮೆಮೊರಿಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು, ದಾರಿ ಬಿಡುವಾದಂತೆ ಕಳುಹಿಸುತ್ತದೆ. ಅರ್ಜಿಯ ಭಾವಚಿತ್ರದಂಥ ಸಣ್ಣ ಫೈಲಾದರೆ ಇಡೀ ಫೈಲು ಆ ಮೆಮೊರಿಯಲ್ಲಿಯೇ ಹಿಡಿಸಿಬಿಡಬಹುದು. ಒಂದು ಬೈಟೂ ಊರು ದಾಟದಿದ್ದರೂ ಪಟ್ಟಿ ನೂರು ತೋರಿಸೀತು. ಕಾಗದವನ್ನು ಅಂಚೆ ಡಬ್ಬಿಗೆ ಹಾಕಿದ್ದಕ್ಕೆ ಮಾತ್ರ ಆ ನೂರು ಸಾಕ್ಷಿ.

ಎಲ್ಲ ಬೈಟ್‌ಗಳೂ ತಲುಪಿದವು ಎಂದೇ ಇಟ್ಟುಕೊಳ್ಳಿ. ಆ ಕಡೆಯ ಕಂಪ್ಯೂಟರು ಆಮೇಲೆ ಅದನ್ನು ಪರಿಶೀಲಿಸುತ್ತದೆ. ಚಿತ್ರ ನಿಗದಿ ಮಾಡಿದ್ದಕ್ಕಿಂತ ದೊಡ್ಡದಿದ್ದರೆ 413 ಎಂಬ ಸಂಖ್ಯೆಯೊಡನೆ ‘ಇಷ್ಟು ದೊಡ್ಡದನ್ನು ಸ್ವೀಕರಿಸಲಾಗದು’ ಎಂದು ಉತ್ತರಿಸಬಹುದು. ಇಲ್ಲಿ ಲಿಬ್‌ಕರ್ಲ್ ಬಳಸುವವರು ಎಚ್ಚರ ತಪ್ಪುವ ಜಾಗವಿದೆ. ಸಾಗಣೆಯ ದೃಷ್ಟಿಯಿಂದ ಎಲ್ಲವೂ ಸರಿಯಾಗಿಯೇ ನಡೆದಿದೆ. ಬೈಟ್ ಹೋಯಿತು, ಉತ್ತರ ಬಂತು. ಆದ್ದರಿಂದ ಬೇರೆ ಸೂಚನೆ ಕೊಡದಿದ್ದರೆ ಲೈಬ್ರರಿ ‘ಯಶಸ್ವಿ’ ಎಂಬ ಸಂಕೇತವನ್ನೇ ಹಿಂದಿರುಗಿಸುತ್ತದೆ. ಬಂದ ಉತ್ತರ ಹೌದೋ ಅಲ್ಲವೋ ಎಂದು ಪ್ರೋಗ್ರಾಮರು ಬೇರೆಯಾಗಿ ಕೇಳಿ ತಿಳಿಯಬೇಕು. 200ರಿಂದ 299ರೊಳಗಿನ ಸಂಖ್ಯೆಯಾದರೆ ಒಪ್ಪಿಗೆ. 400ರ ಸಾಲಿನದಾದರೆ ಕಳುಹಿಸಿದ್ದರಲ್ಲಿ ದೋಷ. 500ರ ಸಾಲಿನದಾದರೆ ಆ ಕಡೆಯವರ ತೊಂದರೆ. ಕೊನೆಯ ದಿನದ ನೂಕುನುಗ್ಗಲಿನಲ್ಲಿ ಇದೂ ಸಾಮಾನ್ಯ. ಇದನ್ನು ನೋಡದೆ, ಮರುಕರೆಯಲ್ಲಿ ಎರಡು ಸಂಖ್ಯೆಗಳು ಸಮವಾದ ಕೂಡಲೇ ‘ಅರ್ಜಿ ಸಲ್ಲಿಕೆಯಾಯಿತು’ ಎಂದು ಹಸಿರು ಅಕ್ಷರದಲ್ಲಿ ಬರೆಯುವ ಪ್ರೋಗ್ರಾಮರು ತಾನು ನೋಡದ ಹುಡುಗನೊಬ್ಬನ ಒಂದು ವರ್ಷವನ್ನು ಅಪಾಯಕ್ಕೆ ಒಡ್ಡುತ್ತಾನೆ.

ಹಾಗಾಗಿ ಅರ್ಜಿ ತುಂಬುವವರು ಪಟ್ಟಿ ತುಂಬಿದ ಮೇಲೂ ಕಿಟಕಿ ಮುಚ್ಚದೆ, ಆ ಕಡೆಯಿಂದ ಬರುವ ಅರ್ಜಿ ಸಂಖ್ಯೆಗೋ ಸ್ವೀಕೃತಿ ಪತ್ರಕ್ಕೋ ಕಾಯಬೇಕು. ಅದು ಈ ಕಡೆಯ ಕಂಪ್ಯೂಟರು ತಾನೇ ಸೃಷ್ಟಿಸಿಕೊಳ್ಳುವಂಥದಲ್ಲ. ಪ್ರೋಗ್ರಾಂ ಬರೆಯುವವರಾದರೆ ಸಂಖ್ಯೆಗಳು ಸಮವಾದಾಗ ತೋರಿಸಬೇಕಾದ ಸಾಲು ‘ಫೈಲನ್ನು ಒಪ್ಪಿಸಲಾಗಿದೆ, ಉತ್ತರಕ್ಕಾಗಿ ಕಾಯಲಾಗುತ್ತಿದೆ’ ಎಂಬುದು. ಹಸಿರು ಅಕ್ಷರವನ್ನು ಮರುಕರೆಯ ಫಂಕ್ಷನ್ನಿನೊಳಗೆ ಬರೆಯದೆ, ಲೈಬ್ರರಿಯ ಫಂಕ್ಷನ್ ಹಿಂದಿರುಗಿ ಉತ್ತರದ ಸಂಖ್ಯೆಯನ್ನು ನೋಡಿದ ನಂತರದ ಸಾಲಿನಲ್ಲಿ ಬರೆಯಬೇಕು.